ಥಾಯ್ಲೆಂಡಿನಲ್ಲಿ ನಮ್ಮತ್ತೆ ತೊಳೆದ ಅಂಗಳ

ಪರದೇಶ ನೋಡಿ ಬಂದವರು ಅಲ್ಲಿನ ರಸ್ತೆ, ಕಟ್ಟಡ, ಸಮುದ್ರದ ಸುದ್ದಿ ಹೇಳುತ್ತಾರೆ. ನಾನು ಹೇಳಬೇಕಾಗಿರುವುದು ಚಾಪೆಯಷ್ಟಗಲದ ಒಂದು ಕೊಳೆತ ಕೆಸರಿನ ಸುದ್ದಿ. ಬ್ಯಾಂಕಾಕ್ ಹೇಗಿತ್ತು ಎಂದು ಓಣಿಯವರು ಕೇಳಿದಾಗ ಚೆನ್ನಾಗಿತ್ತು ಎಂದು ಹೇಳಿ ಮುಗಿಸುತ್ತೇನೆ. ಕೆಸರಿನ ಸುದ್ದಿಗಾದರೆ ಕೂತು ಚಹಾ ಕುಡಿಯುವಷ್ಟು ವೇಳೆ ಬೇಕು.

ಬಾದಾಮಿ

ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಯಜಮಾನರು ವಿಡಿಯೋ ನೋಡಿಕೊಳ್ಳುತ್ತಾರೆ, ನಾನು ಫೋಟೋ. ಮದುವೆ, ಬಸುರಿಯ ಕುಬಸ, ಮಗುವಿನ ಜವಳ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜು, ಬಂದದ್ದನ್ನೆಲ್ಲ ತೆಗೆಯುತ್ತೇವೆ. ಒಮ್ಮೆ ಮದುವೆಗೆ ಮುಂಚಿನ ಫೋಟೋಕ್ಕೆಂದು ಮಹಾಕೂಟದ ಕಡೆ ಹೋದಾಗ ಮದುಮಗಳು ಬರುವುದು ತಡವಾಯಿತು. ಕೂತು ಕೂತು ಬೇಸರವಾಗಿ, ಎಕ್ಕೆಗಿಡದ ಮೇಲೆ ಕುಳಿತಿದ್ದ ಒಂದು ಕೇಸರಿ ಪಾತರಗಿತ್ತಿಯನ್ನು ತೆಗೆದೆ. ಆಮೇಲೆ ಮದುಮಗಳೂ ಬಂದಳು, ಅವಳ ಫೋಟೋಗಳೂ ಆದವು. ಆದರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡಿದ್ದು ಆ ಪಾತರಗಿತ್ತಿಯನ್ನೇ. ಅಂದು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ.

ಹುಳದ ಫೋಟೋ ಹೊಟ್ಟೆಗೆ ಹಾಕುತ್ತದೆಯೇ ಎಂದು ಬಹಳ ಜನ ಕೇಳಿದ್ದಾರೆ. ಮೊದಲು ಹಾಕಲಿಲ್ಲ. ನಿಧಾನವಾಗಿ ಕ್ಯಾಲೆಂಡರಿನವರು ಕೇಳಿದರು, ಮಕ್ಕಳ ಪುಸ್ತಕದವರು ಕೇಳಿದರು, ಪಟ್ಟದಕಲ್ಲಿನ ದಾರಿಯ ಒಂದು ಹೋಟೆಲಿನವರು ಗೋಡೆಗೆ ಬೇಕೆಂದರು. ಗುಹೆ ನೋಡಲು ಬಂದ ಪ್ರವಾಸಿಗರಲ್ಲಿ ಒಬ್ಬಿಬ್ಬರು ಒಂದು ಬೆಳಗು ನನ್ನ ಜೊತೆ ಗುಡ್ಡಕ್ಕೆ ಬಂದು, ಊರಿಗೆ ಹೋಗಿ ತಮ್ಮ ಗೆಳೆಯರನ್ನು ಕಳಿಸಿದರು. ಹೀಗೆ ನಮ್ಮ ಮನೆಯ ಅರ್ಧ ಖರ್ಚನ್ನು ಪಾತರಗಿತ್ತಿಗಳೇ ಹೊತ್ತುಕೊಂಡವು. ಉಳಿದರ್ಧಕ್ಕೆ ಮದುವೆಗಳು ಬೇಕಿದ್ದವು. ಆ ಅರ್ಧವನ್ನೂ ಬಿಟ್ಟುಬಿಡಬೇಕೆಂಬ ಆಸೆ ನನಗೆ, ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ದಾರಿ ತೋರಿಸಿದವನು ಇಳಕಲ್ಲಿನ ರಫೀಕ್. ಮನೆತನದ್ದು ಸೀರೆ ವ್ಯಾಪಾರ. ಅವನು ಅಂಗಡಿಯನ್ನು ಅಣ್ಣಂದಿರಿಗೆ ಒಪ್ಪಿಸಿ, ಕ್ಯಾಮರಾ ಹಿಡಿದವರನ್ನು ಕಾಡುಗಳಿಗೆ ಕರೆದುಕೊಂಡು ಹೋಗುವ ಕೆಲಸ ಶುರು ಮಾಡಿ ಹೆಸರು ಮಾಡಿದ್ದಾನೆ. ಈ ಸಲದ ಥಾಯ್ಲೆಂಡ್ ಪ್ರವಾಸಕ್ಕೆ ನನ್ನನ್ನು ಸಹಾಯಕ್ಕೆ ಕರೆದ. ಬಂದವರು ಖುಷಿಯಿಂದ ಮನೆಗೆ ಹೋದರೆ ಮುಂದಿನ ವರ್ಷದಿಂದ ಆ ಪ್ರವಾಸವನ್ನು ಪೂರ್ತಿ ನನಗೇ ಬಿಟ್ಟುಕೊಡುವುದಾಗಿಯೂ, ಇಲ್ಲದಿದ್ದರೆ ಪುಣೆಯ ಒಬ್ಬರು ಕಾಯುತ್ತಿರುವುದಾಗಿಯೂ ಮುಚ್ಚುಮರೆಯಿಲ್ಲದೆ ಹೇಳಿದ. ಮದುವೆಯ ಕೆಲಸ ಬಿಟ್ಟು ಬದುಕಬಹುದೋ ಇಲ್ಲವೋ ಎಂಬುದು ಆ ಒಂದು ವಾರದಲ್ಲಿ ಇತ್ಯರ್ಥವಾಗುವುದಿತ್ತು.

ಗುಂಪಿನಲ್ಲಿ ಬೇರೆ ಹೆಂಗಸರಿರಲಿಲ್ಲ. ನನಗೆ ಕೊಟ್ಟ ಕೋಣೆ ಇಬ್ಬರದ್ದು. ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗು ಎಂದು ಯಜಮಾನರು ಸಲಹೆ ಕೊಟ್ಟರು. ನಮ್ಮತ್ತೆ ಗೌರವ್ವನವರ ಬಳಿ ಪಾಸ್‌ಪೋರ್ಟ್ ಸಿದ್ಧವಿತ್ತು, ದುಬೈಯಲ್ಲಿರುವ ನಾದಿನಿಯ ಬಾಣಂತನಕ್ಕೆ ಹೋಗಿ ಬಂದಿದ್ದರು. ಹಾಗಾಗಿ ವಿಮಾನದ ವಿಷಯದಲ್ಲಿ ಅವರೇ ಹಿರಿಯರು, ನಾನು ಹೊಸಬಳು. ಅತ್ತೆಯ ತವರು ಗುಳೇದಗುಡ್ಡ. ಮೊಣಕಾಲು ಕೈಕೊಡುವ ತನಕ ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯ್ದವರು. ಬೆಳಕು ಹರಿಯುವ ಮುಂಚೆ ಎದ್ದು ಅಂಗಳ ಕಸಗುಡಿಸಿ, ನೀರು ಹೊಡೆದು, ರಂಗೋಲಿ ಹಾಕುವವರೆಗೆ ಚಹಾದ ಹೆಸರೂ ಎತ್ತುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಈ ಶಿಸ್ತಿಗೆ ನಾನು ಹೆದರುತ್ತಿದ್ದೆ, ಆಮೇಲೆ ಅದರ ಸದ್ದಿನಲ್ಲೇ ಇನ್ನೊಂದು ನಿದ್ದೆ ಮಾಡಲು ಕಲಿತೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲ ಎಡವಟ್ಟು. ರೊಟ್ಟಿಯ ಗಂಟಿನ ಜೊತೆ ಅತ್ತೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪಾಕೀಟನ್ನು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ತುರುಕಿದ್ದರು. ಜಾಗ ಸಿಕ್ಕಿದ್ದು ನನ್ನ ಕ್ಯಾಮರಾ ಚೀಲದಲ್ಲಿ. ತಪಾಸಣೆಯವರು ಚೀಲ ತೆರೆದರೆ ಲೆನ್ಸುಗಳ ಮೇಲೆಲ್ಲ ಕೆಂಪು ಪುಡಿ. ಅವರು ಬಗ್ಗಿ ಮೂಸಿ, ಜೋರಾಗಿ ಸೀನಿದರು. ಅತ್ತೆ ಸ್ವಲ್ಪವೂ ಅಳುಕದೆ, ಅದನ್ನು ಮೊಸರಿನಲ್ಲಿ ಕಲಸಿ ತಿನ್ನಬೇಕೆಂದೂ ಬರೇ ಮೂಸಿದರೆ ಹಾಗೇ ಆಗುತ್ತದೆಂದೂ ತಿಳಿಸಿದರು. ಆ ಮನುಷ್ಯ ನಗುತ್ತಾ ಬಿಟ್ಟುಕೊಟ್ಟ. ಹುಳಗಳನ್ನು ಹತ್ತಿರದಿಂದ ತೆಗೆಯುವ ನನ್ನ ಮ್ಯಾಕ್ರೋ ಲೆನ್ಸು ಮಾತ್ರ ಪ್ರವಾಸದುದ್ದಕ್ಕೂ ಬೆಳ್ಳುಳ್ಳಿ ವಾಸನೆ ಹೊಡೆಯಿತು.

ಬ್ಯಾಂಕಾಕ್

ಬ್ಯಾಂಕಾಕಿನಲ್ಲಿ ಅಷ್ಟೊಂದು ವಾಹನಗಳಿದ್ದರೂ ಯಾರೂ ಹಾರ್ನ್ ಹೊಡೆಯುವುದಿಲ್ಲ. ಕೆರೂರಿನ ಸಂತೆಯ ದಿನ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡು ಗೊತ್ತಿರುವ ನನಗೆ ಆ ಮೌನ ವಿಚಿತ್ರವೆನಿಸಿತು. ಇವರಿಗೆಲ್ಲ ಏನಾದರೂ ಬೇಜಾರಾಗಿದೆಯೇ ಎಂದು ಅತ್ತೆ ಕೇಳಿದರು. ಬೇಜಾರಾಗಿರಲಿಲ್ಲ, ಅವರು ಇರುವುದೇ ಹಾಗೆ. ಅಂಗಡಿಯವಳಿಂದ ಹಿಡಿದು ಗಾಡಿಯವನವರೆಗೆ ಎಲ್ಲರೂ ಎದೆಯ ಹತ್ತಿರ ಕೈಜೋಡಿಸಿ ತಲೆ ಬಾಗಿಸುತ್ತಾರೆ. ಅತ್ತೆಯೂ ಪ್ರತಿಯೊಬ್ಬರಿಗೂ ತಿರುಗಿ ಕೈಮುಗಿದು, ಹೋಟೆಲಿನ ಬಾಗಿಲು ದಾಟುವುದೇ ಒಂದು ದೊಡ್ಡ ಕೆಲಸವಾಯಿತು.

ಊಟದ್ದು ಬೇರೆ ಕಥೆ. ಅಲ್ಲಿ ಮೀನಿನ ರಸ ಬೀಳದ ಪದಾರ್ಥ ಹುಡುಕುವುದೆಂದರೆ ನಮ್ಮಲ್ಲಿ ಖಾರವಿಲ್ಲದ ಪಲ್ಯ ಹುಡುಕಿದಂತೆ. ಬೀದಿಬದಿಯ ಹೆಂಗಸೊಬ್ಬಳು ಹಸಿ ಪರಂಗಿಕಾಯಿ, ಮೆಣಸಿನಕಾಯಿ, ಶೇಂಗಾ ಹಾಕಿ ಒರಳಿನಲ್ಲಿ ಕುಟ್ಟುತ್ತಿದ್ದಳು. ಅತ್ತೆ ಹತ್ತಿರ ಹೋಗಿ ಅವಳ ಕೈ ಓಡುವುದನ್ನು ನೋಡುತ್ತಾ ನಿಂತರು. ಮೀನು ಬೇಡ, ಸೀಗಡಿ ಬೇಡ ಎಂದು ರಫೀಕ್ ತನಗೆ ಗೊತ್ತಿದ್ದಷ್ಟು ಥಾಯ್ ಭಾಷೆಯಲ್ಲಿ ಹೇಳಿ ಮಾಡಿಸಿಕೊಟ್ಟ. ಕಣ್ಣಲ್ಲಿ ನೀರು ಬರುವಷ್ಟು ಖಾರವಿತ್ತು. ಅತ್ತೆ ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ತಟ್ಟೆ ತಿಂದು, ಈ ದೇಶದವರು ನಮ್ಮವರೇ ಎಂದು ತೀರ್ಪು ಕೊಟ್ಟರು.

ಸೊಮ್‌ಚಾಯ್ ಅವರ ಮನೆ

ಬ್ಯಾಂಕಾಕಿನಿಂದ ಪಶ್ಚಿಮದ ಗಡಿಯ ಗುಡ್ಡಗಳ ಕಡೆ ವ್ಯಾನಿನಲ್ಲಿ ಹೊರಟೆವು. ದಾರಿಯಲ್ಲಿ ಕಬ್ಬಿನ ಲಾರಿಗಳು ನಮ್ಮ ಬಾಗಲಕೋಟೆಯ ಕಡೆಯಂತೆಯೇ ಹೊಟ್ಟೆ ಉಬ್ಬಿಸಿಕೊಂಡು ಓಲಾಡುತ್ತಾ ಹೋಗುತ್ತಿದ್ದವು. ಕಬ್ಬು ಮುಗಿದ ಮೇಲೆ ಅನಾನಸ್ಸು, ಅದೂ ಮುಗಿದ ಮೇಲೆ ಕಾಡು. ಕಾಡಿನ ಅಂಚಿಗೆ, ಹಳ್ಳದ ದಂಡೆಯ ಮೇಲೆ ಸೊಮ್‌ಚಾಯ್ ಎಂಬವರ ಮನೆ. ವಯಸ್ಸಾದ, ಸದಾ ನಗುಮುಖದ ಮನುಷ್ಯ. ಕಂಬಗಳ ಮೇಲೆ ನಿಂತ ಕಟ್ಟಿಗೆಯ ಮನೆಯ ಮೇಲ್ಭಾಗದಲ್ಲಿ ಅತಿಥಿಗಳಿಗೆ ಕೋಣೆಗಳು, ಕೆಳಗೆ ಅವರೂ ಅವರ ಹೆಂಡತಿಯೂ. ಮೆಟ್ಟಿಲಿನ ಬುಡದಿಂದ ಹಳ್ಳದ ನೀರಿನವರೆಗೆ ಅಗಲವಾದ ಉಸುಕಿನ ಅಂಗಳ. ಆ ಅಂಗಳದ ನಡುವೆ ನಾನು ಹೇಳಿದ ಕೆಸರು.

ಗಂಡು ಪಾತರಗಿತ್ತಿಗಳಿಗೆ ಹೂವಿನ ಮಕರಂದವಷ್ಟೇ ಸಾಲದು, ಉಪ್ಪಿನಂಶ ಬೇಕು. ನಮ್ಮಲ್ಲಿಯೂ ಎಮ್ಮೆಗಳು ನೀರು ಕುಡಿಯುವ ಮಲಪ್ರಭೆಯ ದಂಡೆಯಲ್ಲಿ ಹಸಿಮಣ್ಣು ಹೀರುತ್ತಾ ಗುಂಪಾಗಿ ಕೂತಿರುತ್ತವೆ. ಸೊಮ್‌ಚಾಯ್ ಅಂಥ ಜಾಗವನ್ನು ಕೈಯಾರೆ ತಯಾರಿಸುತ್ತಾರೆ. ನಾವು ಬರುವುದಕ್ಕೆ ಎರಡು ವಾರ ಮುಂಚಿನಿಂದಲೇ ಕಪ್ಪು ಮಣ್ಣು ತಂದು ಹಾಸಿ, ದಿನಾ ಮೀನಿನ ರಸ ಸುರಿದು, ಉಪ್ಪು ಚಿಮುಕಿಸಿ, ಕೊಳೆತ ಏಡಿಗಳನ್ನು ಹೂತು ಹದ ಮಾಡಿದ್ದರು. ಗಬ್ಬು ನಾತ. ಇದಲ್ಲದೆ ಅತಿಥಿಗಳಾಗಿ ಬಂದ ಗಂಡಸರು ಮೂತ್ರಕ್ಕೆಂದು ದೂರ ಹೋಗದೆ ಅಲ್ಲೇ ನಿಂತು ಸಣ್ಣದೊಂದು ಕಾಣಿಕೆ ಸಲ್ಲಿಸುವ ಪದ್ಧತಿಯೂ ಇತ್ತು. ಅಂದು ಸಂಜೆ ನಾವು ತಲುಪುವ ಮೊದಲೇ ಬೇರೆ ವ್ಯಾನಿನಲ್ಲಿ ಬಂದಿದ್ದ ನಮ್ಮವರು ಅದನ್ನು ಪೂರೈಸಿದ್ದರು. ಸೊಮ್‌ಚಾಯ್ ಎಲ್ಲದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ನಾಳೆ ನೋಡಿ ಎಂಬಂತೆ ಹೆಮ್ಮೆಯಿಂದ ಕೈಯಾಡಿಸಿದರು.

ನಮ್ಮ ಅತಿಥಿಗಳಲ್ಲಿ ವಿಜಯಪುರದ ದಂತವೈದ್ಯರಾದ ಪಾಟೀಲರು ಬಹಳ ಗಂಭೀರ ಸ್ವಭಾವದವರು. ಅವರಿಗೆ ಬೇರೆ ಏನೂ ಬೇಡ, ಡ್ರ್ಯಾಗನ್‌ಟೇಲ್ ಎಂಬ ಒಂದೇ ಒಂದು ಪಾತರಗಿತ್ತಿ ಬೇಕು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಮೈ, ಗಾಜಿನಂಥ ರೆಕ್ಕೆ, ಹಿಂದೆ ಮೈಗಿಂತ ಉದ್ದದ ಎರಡು ಬಾಲ. ನಮ್ಮ ಕರ್ನಾಟಕದಲ್ಲಿ ಅದು ಕಾಣಸಿಗುವುದಿಲ್ಲ. ಅದಕ್ಕಾಗಿಯೇ ದವಾಖಾನೆ ಮುಚ್ಚಿ ಬಂದಿದ್ದೇನೆ ಎಂದು ದಾರಿಯಲ್ಲಿ ಮೂರ್ನಾಲ್ಕು ಸಲ ಹೇಳಿದ್ದರು. ಈ ಹಳ್ಳದಲ್ಲಿ ಅದು ಆಗಾಗ ಕಾಣುತ್ತದಂತೆ, ಕೆಸರಿಗೆ ಮಾತ್ರ ಇನ್ನೂ ಇಳಿದಿಲ್ಲವಂತೆ. ಪಾಟೀಲರು ಸಿಡಿಮಿಡಿಗೊಂಡರೆ ಉಳಿದವರ ಮುಖವೂ ಬಾಡುತ್ತದೆ ಎಂದು ನನಗೆ ಆಗಲೇ ತಿಳಿದುಹೋಗಿತ್ತು.

ಮಲಗುವ ಮುಂಚೆ ಅತ್ತೆ ಕಿಟಕಿಯಿಂದ ಇಣುಕಿ, ಅಂಗಳದಲ್ಲಿ ಏನು ಸತ್ತಿದೆ ಎಂದು ಕೇಳಿದರು. ಗಂಡಸರ ಕಾಣಿಕೆಯ ವಿಷಯ ಅತ್ತೆಯ ಮುಂದೆ ಎತ್ತುವುದು ಹೇಗೆ? ಅದು ನಮ್ಮ ಕೆಲಸಕ್ಕೆ ಸಂಬಂಧಿಸಿದ್ದು, ಬಿಡಿ ಎಂದು ಹೇಳಿ ಮುಸುಕು ಹಾಕಿಕೊಂಡೆ. ಆ ನಾಚಿಕೆ ಎಷ್ಟು ದುಬಾರಿಯಾಯಿತೆಂದು ಬೆಳಿಗ್ಗೆ ಗೊತ್ತಾಯಿತು.

ಮೊದಲ ಬೆಳಗು

ನಸುಕಿನಲ್ಲಿ ಕಡ್ಡಿ ಕಸಬರಿಗೆಯ ಸದ್ದು ಕೇಳಿಸಿತು. ಹಿಂದೆಯೇ ನೀರು ಎರಚಿದ ಸದ್ದು. ಎಂಥ ಹಿತವಾದ ಸದ್ದದು. ಬಾದಾಮಿಯಲ್ಲೇ ಇದ್ದೇನೆಂದುಕೊಂಡು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದೆ.

ಎಬ್ಬಿಸಿದ್ದು ರಫೀಕನ ದನಿ. "ಅಕ್ಕಾರ, ಸ್ವಲ್ಪ ಹೊರಗ ಬರ್ರಿ," ಎಂದು ಬಾಗಿಲಾಚೆಯಿಂದ ಬಹಳ ಮೆಲ್ಲಗೆ ಕರೆದ. ರಫೀಕ್ ಜೋರಾಗಿ ಕರೆದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಕೆಳಗೆ ಅಂಗಳ ಕನ್ನಡಿಯಂತೆ ಸ್ವಚ್ಛವಾಗಿತ್ತು. ಕಪ್ಪು ಕೆಸರಿಲ್ಲ, ಏಡಿಗಳಿಲ್ಲ, ನಾತವೂ ಇಲ್ಲ. ಗೋಣಿಚೀಲವನ್ನು ಹಿಂಡಿ, ನೀಟಾಗಿ ಮಡಚಿ ಕಟಾಂಜನದ ಮೇಲೆ ಒಣಹಾಕಲಾಗಿತ್ತು. ಕೆಸರಿದ್ದ ಜಾಗದಲ್ಲಿ, ಒದ್ದೆ ಉಸುಕಿನ ಮೇಲೆ, ಚುಕ್ಕಿ ಇಟ್ಟು ಎಳೆ ಎಳೆದ ದೊಡ್ಡ ರಂಗೋಲಿ. ಪಕ್ಕದಲ್ಲಿ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರೆದುರು ಸೊಮ್‌ಚಾಯ್ ಒಂದು ಖಾಲಿ ಡಬ್ಬಿ ಹಿಡಿದುಕೊಂಡು ನಿಂತಿದ್ದರು.

"ಭಾಳ ಹೊಲಸ ಇತ್ತವಾ. ತೊಳದ ಹಾಕೇನಿ," ಎಂದರು ಅತ್ತೆ. "ಸಗಣಿ ಸಿಗಲಿಲ್ಲ. ರಂಗೋಲಿ ಡಬ್ಬಿ ಅಂತೂ ಅಲ್ಲೇ ಇಟ್ಟಿದ್ರು, ಪುಣ್ಯೇಕ."

ಆ ಡಬ್ಬಿಯಲ್ಲಿದ್ದದ್ದು ಕೆಸರಿಗೆ ಚಿಮುಕಿಸುವ ಉಪ್ಪು. ಅಂಗಳದ ಬದಿಗೆ ಬಿಳಿ ಪುಡಿಯ ಡಬ್ಬಿ ಇಟ್ಟರೆ ಅದು ರಂಗೋಲಿಯಲ್ಲದೆ ಮತ್ತೇನು ಎಂಬುದು ಅತ್ತೆಯ ತಿಳುವಳಿಕೆ. ಬೆರಳಿಗೆ ಸ್ವಲ್ಪ ಜಿಗುಟೆನಿಸಿತಂತೆ, ಊರಿಗೊಂದು ನಮೂನೆಯ ರಂಗೋಲಿ ಇರಬಹುದೆಂದು ಸುಮ್ಮನಾದರಂತೆ.

ಎರಡು ವಾರದ ಹದವನ್ನು ಅತ್ತೆ ಕೆರೆದು ಬಾಳೆಗಿಡದ ಬುಡಕ್ಕೆ ಸುರಿದಿದ್ದರು, ಉಳಿದದ್ದು ಬಕೆಟ್ ಬಕೆಟ್ ನೀರಿನಲ್ಲಿ ಹಳ್ಳಕ್ಕೆ ಹೋಗಿತ್ತು. ಸೊಮ್‌ಚಾಯ್ ಇನ್ನೂ ನಗುತ್ತಲೇ ಇದ್ದರು. ಮುಜುಗರವಾದರೂ ನಗುವುದು, ಸಿಟ್ಟು ಬಂದರೂ ನಗುವುದು ಅಲ್ಲಿಯವರ ರೂಢಿ ಎಂದು ರಫೀಕ್ ಆಮೇಲೆ ವಿವರಿಸಿದ. ಆ ಹೊತ್ತಿನಲ್ಲಿ ಅದು ಯಾವ ನಗು ಎಂದು ನನಗೆ ತಿಳಿಯಲಿಲ್ಲ. ಹೊಸ ಕೆಸರು ಹದಕ್ಕೆ ಬರಲು ನಮ್ಮ ಪ್ರವಾಸದ ದಿನಗಳು ಸಾಲುವುದಿಲ್ಲ ಎಂದಷ್ಟನ್ನು ಅವರು ಹೇಳಿದರು.

ಪಾಟೀಲ ಡಾಕ್ಟರರಿಗೆ ಸಿಟ್ಟು ನೆತ್ತಿಗೇರಿತು. ಮನೆಯವರನ್ನೆಲ್ಲ ಕಟ್ಟಿಕೊಂಡು ಬರಲು ಇದೇನು ಬನಶಂಕರಿ ಜಾತ್ರೆಗೆ ಬಂದಿದ್ದೇವೆಯೇ ಎಂದು ಕೇಳಿದರು. ಅದು ನನಗೆ ತಾಗಬೇಕಾದ ಮಾತು, ತಾಗಿತು. ಅತ್ತೆಯ ಮುಖ ಸಣ್ಣದಾಯಿತು. ನನ್ನನ್ನು ಬದಿಗೆ ಕರೆದು, ಆ ಹೊಲಸಿನಲ್ಲಿ ಏನೇನು ಇತ್ತೆಂದು ಕೇಳಿದರು. ಮುಚ್ಚಿಟ್ಟು ಕೆಟ್ಟದ್ದು ಸಾಕೆಂದು ಎಲ್ಲವನ್ನೂ ಹೇಳಿದೆ. ಅವರು ತಮ್ಮ ಎರಡೂ ಕೈಗಳನ್ನು ದೂರ ಹಿಡಿದು ನೋಡಿಕೊಂಡರು. ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ತೊಳೆದರು, ತಿರುಗಿ ಬಂದು, ಮತ್ತೊಮ್ಮೆ ಹೋಗಿ ತೊಳೆದರು.

"ರಾತ್ರೀನ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು?" ಎಂದರು ವಾಪಸು ಬಂದು.

ರಫೀಕ್ ಒಂದು ಮಾತೂ ಬೈಯಲಿಲ್ಲ. ಉಳಿದವರನ್ನು ಕಾಡಿನ ರಸ್ತೆಗೆ ಕರೆದುಕೊಂಡು ಹೊರಟ. ನೀವು ಇಲ್ಲೇ ಇದ್ದು ಸೊಮ್‌ಚಾಯ್ ಅವರಿಗೆ ಹೊಸ ಕೆಸರು ಮಾಡಲು ಸಹಾಯ ಮಾಡಿ ಎಂದು ನನಗೆ ಸೂಚಿಸಿದ. ವ್ಯಾನು ಹೋದ ದಿಕ್ಕನ್ನೇ ನೋಡುತ್ತಾ ನಿಂತೆ. ಪುಣೆಯವರು ಗೆದ್ದರು ಎನಿಸಿತು. ಮುಂದಿನ ವೈಶಾಖದ ಮದುವೆಗಳು ಸಾಲಾಗಿ ಕಣ್ಣಮುಂದೆ ಬಂದು ನಿಂತವು.

ಅದೇ ದಿನ, ಬಿಸಿಲು ಏರಿದ ಮೇಲೆ

ಪಾಟೀಲರು ಕಾಡಿಗೆ ಹೋಗಿರಲಿಲ್ಲ. ಸಿಟ್ಟಿನಿಂದಲೇ ಉಳಿದಿದ್ದರು. ಕಟ್ಟೆಯ ಮೇಲೆ ಕ್ಯಾಮರಾ ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕೀಳಿಸಿಕೊಂಡವರಂತೆ ದವಡೆ ಹಿಡಿದು ಕೂತಿದ್ದರು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು, ಚಹಾ ಸಹ ಮುಟ್ಟಿರಲಿಲ್ಲ. ಸೊಮ್‌ಚಾಯ್ ಮತ್ತು ನಾನು ದೂರದ ಮೂಲೆಯಲ್ಲಿ ಹೊಸ ಮಣ್ಣು ಕಲಸುತ್ತಿದ್ದೆವು.

ಬಿಸಿಲು ಮರಗಳನ್ನು ದಾಟಿ ಅಂಗಳಕ್ಕೆ ಇಳಿಯಿತು. ರಂಗೋಲಿಯ ಉಪ್ಪು ನೀರು ಹೀರಿ ಕರಗಿತ್ತು. ಬಿಳಿ ಗೆರೆಗಳು ಕೆಲವೆಡೆ ಮಾತ್ರ ಉಳಿದು, ಮಿಕ್ಕ ಕಡೆ ಉಸುಕಿನ ಮೇಲೆ ಒದ್ದೆ ಗೆರೆಗಳಾಗಿದ್ದವು. ಮೊದಲು ಒಂದು ಪಾತರಗಿತ್ತಿ ಬಂದು ಆ ಗೆರೆಯ ಮೇಲೆ ಕೂತಿತು. ಕಪ್ಪು ಮೈಯ ಮೇಲೆ ಹಳದಿ ಚುಕ್ಕೆ. ಬಾದಾಮಿಯಲ್ಲಿ ನಮ್ಮ ಹಿತ್ತಲಿನ ನಿಂಬೆಗಿಡದ ಎಲೆ ತಿಂದು ಬೆಳೆಯುವ ಜಾತಿ.

"ಸುವರ್ಣಾ, ಇದು ನಮ್ಮ ನಿಂಬಿ ಗಿಡದ್ದ ಅಲ್ಲೇನು?" ಎಂದು ಅತ್ತೆ ಎದ್ದು ನಿಂತರು. ವ್ಯಾನು ಹೋದಾಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು. ತವರಿನವರು ಸಿಕ್ಕಷ್ಟು ಸಂತೋಷ ಅವರ ಮುಖದಲ್ಲಿತ್ತು.

ಅದರ ಹಿಂದೆ ಹಳದಿ ಬಣ್ಣದ ಸಣ್ಣವು ಬಂದವು, ನೀಲಿ ಪಟ್ಟೆಯವು ಬಂದವು. ಎಲ್ಲಿ ಉಪ್ಪಿತ್ತೋ ಅಲ್ಲಿ ಮಾತ್ರ ಕೂತದ್ದರಿಂದ ಅವು ಎಳೆಯ ಮೇಲೆಯೇ ಸಾಲು ಹಿಡಿದವು. ಪೂರ್ತಿ ರಂಗೋಲಿಯೇನೂ ಮೂಡಲಿಲ್ಲ. ಒಂದು ಬದಿಯ ಎರಡು ಸುತ್ತು ತುಂಬಿಕೊಂಡವು, ಇನ್ನೊಂದು ಬದಿ ಖಾಲಿ ಉಳಿಯಿತು. ಹಾಗಿದ್ದರೂ ಸಾಲಾಗಿ ರೆಕ್ಕೆ ಮಡಚಿ ನಿಂತ ಆ ಹಳದಿ ಗೆರೆಯನ್ನು ನೋಡಿ ನನ್ನ ಕೈಯಲ್ಲಿದ್ದ ಕೆಸರು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಪಾತರಗಿತ್ತಿಗಳ ಹಿಂದೆ ಅಲೆದರೂ ಅಂಥದ್ದನ್ನು ನಾನು ಕಂಡಿರಲಿಲ್ಲ.

ಆಗ ಹಳ್ಳದ ಕಡೆಯಿಂದ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೊಡತಿಹುಳದಂಥದ್ದೊಂದು ಗಿರ್ರೆಂದು ತಿರುಗುತ್ತಾ ಬಂತು. ಕೊಡತಿಹುಳವೆಂದೇ ಬಿಟ್ಟುಬಿಡುತ್ತಿದ್ದೆ. ಅದು ತೊಳೆದ ಉಸುಕಿನ ಮೇಲೆ ಇಳಿದು, ಉದ್ದನೆಯ ಬಿಳಿ ಬಾಲಗಳನ್ನು ನಡುಗಿಸುತ್ತಾ ನೀರು ಹೀರಿ, ಹಿಂದಿನಿಂದ ಸಣ್ಣ ಪಿಚಕಾರಿಯಂತೆ ಆ ನೀರನ್ನು ಚಿಮ್ಮಿಸಿತು. ಡ್ರ್ಯಾಗನ್‌ಟೇಲ್. ಇವು ಹರಿಯುವ ನೀರಿನ ದಂಡೆಯ ಚೊಕ್ಕ ಉಸುಕನ್ನು ಇಷ್ಟಪಡುತ್ತವೆಂದು ಓದಿದ್ದು ಆಗ ನೆನಪಿಗೆ ಬಂತು. ಕೊಳೆತ ಕೆಸರಿನ ಹತ್ತಿರ ಅದು ಸುಳಿಯುತ್ತಿತ್ತೋ ಇಲ್ಲವೋ, ಅತ್ತೆಯ ಅಂಗಳಕ್ಕಂತೂ ಬಂದಿತ್ತು.

ಪಾಟೀಲರಿಗೆ ಕೈಸನ್ನೆ ಮಾಡಿದೆ. ಅವರು ಕಟ್ಟೆಯಿಂದ ಇಳಿದ ರೀತಿಯನ್ನು ಅವರ ರೋಗಿಗಳು ನೋಡಬೇಕಿತ್ತು. ಮಂಡಿಯೂರಿ, ಆಮೇಲೆ ಹೊಟ್ಟೆಯ ಮೇಲೆ ತೆವಳಿ, ರಂಗೋಲಿಯ ಅಂಚಿಗೆ ಬಂದು ಮಲಗಿದರು. ಬಹಳ ಹೊತ್ತು ಕ್ಯಾಮರಾ ಸಣ್ಣಗೆ ಸದ್ದು ಮಾಡುತ್ತಲೇ ಇತ್ತು. ಅದು ಹಾರಿಹೋದ ಮೇಲೆ ಎದ್ದು ಕೂತು ಒಂದೊಂದೇ ಚಿತ್ರ ನೋಡಿದರು. ಅಂಗಿಯ ತುಂಬ ಉಸುಕು, ಹುಬ್ಬು ಗಂಟಿಕ್ಕಿತ್ತು. ಪ್ರತಿ ಚಿತ್ರದಲ್ಲೂ ಪಾತರಗಿತ್ತಿಯ ಕಾಲಡಿ ರಂಗೋಲಿಯ ಗೆರೆ ಬಂದಿತ್ತು. ಇದು ಕಾಡಿನ ಚಿತ್ರ ಎನಿಸುವುದೇ ಇಲ್ಲ ಎಂದು ಗೊಣಗಿದರು. ಮತ್ತೊಮ್ಮೆ ಮೊದಲಿನಿಂದ ನೋಡಿದರು. ಮೂರನೇ ಸಲ ನೋಡುವಾಗ ಹುಬ್ಬು ಸಡಿಲವಾಗಿತ್ತು.

"ಅವ್ವಾರ," ಎಂದರು ಅತ್ತೆಯ ಕಡೆ ತಿರುಗಿ. "ಮುಂಜಾನೆ ಮಾತು ಹೆಚ್ಚ ಆಡಿದೆ. ತಪ್ಪಾತ್ರಿ."

"ನೀವು ಚಹಾ ಕುಡದಿಲ್ಲ ಮುಂಜಾನಿಂದ," ಎಂದರು ಅತ್ತೆ. ನಮ್ಮ ಕಡೆ ಕ್ಷಮಿಸುವುದೆಂದರೆ ಇದೇ. ಇಬ್ಬರೂ ಒಟ್ಟಿಗೆ ಕೂತು ಕುಡಿದರು.

ಉಳಿದ ದಿನಗಳು

ಕಾಡಿಗೆ ಹೋದವರು ಮಧ್ಯಾಹ್ನ ಬರಿಗೈಯಲ್ಲಿ ಬಂದು, ಪಾಟೀಲರ ಚಿತ್ರ ನೋಡಿ, ಊಟವನ್ನೂ ಮರೆತು ಅಂಗಳದಲ್ಲಿ ಮಲಗಿದರು. ಸಂಜೆ ಸೊಮ್‌ಚಾಯ್ ಅತ್ತೆಗೆ ಕೈಮುಗಿದು, ನಾಳೆಯೂ ಉಪ್ಪಿನ ರಂಗೋಲಿ ಹಾಕಬೇಕೆಂದು ರಫೀಕನ ಮೂಲಕ ಕೇಳಿಕೊಂಡರು. ಈ ಸಲದ ನಗು ಯಾವುದೆಂದು ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ. ಅತ್ತೆ ಒಪ್ಪಲಿಲ್ಲ. ತಿಳಿಯದೆ ಒಮ್ಮೆ ಆಯಿತು, ತಿಳಿದೂ ತಿಳಿದೂ ಉಪ್ಪನ್ನು ನೆಲಕ್ಕೆ ಹಾಕಿ ತುಳಿಸುವುದೇ ಎಂಬುದು ಅವರ ಚಿಂತೆ. ಕೊನೆಗೆ ಸುತ್ತಲೂ ಹಗ್ಗ ಕಟ್ಟಿ, ಒಳಗೆ ಯಾರ ಕಾಲೂ ಬೀಳದಂತೆ ನೋಡಿಕೊಳ್ಳುವುದಾಗಿ ಎಲ್ಲರೂ ಮಾತು ಕೊಟ್ಟ ಮೇಲೆ ಮನಸ್ಸು ಮಾಡಿದರು. ಪಾತರಗಿತ್ತಿ ತುಳಿದರೆ ದೋಷವಿಲ್ಲ ಎಂದು ತಾವೇ ತೀರ್ಮಾನಿಸಿದರು.

ಅಲ್ಲಿಂದ ಮುಂದೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಅತ್ತೆ ಮತ್ತು ಸೊಮ್‌ಚಾಯ್ ಅವರ ಹೆಂಡತಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇವರು ಚುಕ್ಕಿ ಇಡುವುದು, ಅವರು ಎಳೆ ಎಳೆಯುವುದು, ಎಳೆ ತಪ್ಪಿದರೆ ಇವರು ಕನ್ನಡದಲ್ಲಿ ಬೈಯುವುದು, ಅವರು ಥಾಯ್ ಭಾಷೆಯಲ್ಲಿ ನಗುವುದು. ಪಾಟೀಲರು ಬಗ್ಗಿ ನಿಂತು, ಎಳೆ ಇನ್ನೂ ಸ್ವಲ್ಪ ಸಣ್ಣಗೆ ಬಂದರೆ ಫೋಟೋಕ್ಕೆ ಚೆಂದ ಎಂದು ಸಲಹೆ ಕೊಡಲು ಶುರು ಮಾಡಿದರು. ನಿಮ್ಮ ಹಲ್ಲಿನ ಕೆಲಸಕ್ಕೆ ನಾನು ಬಾಯಿ ಹಾಕುತ್ತೇನೆಯೇ ಎಂದು ಅತ್ತೆ ಕೇಳಿದ ಮೇಲೆ ನಿಲ್ಲಿಸಿದರು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ರಾತ್ರಿಯ ಊಟಕ್ಕೆ ಸೊಮ್‌ಚಾಯ್ ಅಂಟು ಅನ್ನವನ್ನು ಉಂಡೆ ಮಾಡಿ ನಮ್ಮ ಶೇಂಗಾ ಹಿಂಡಿಯಲ್ಲಿ ಅದ್ದಿ ತಿನ್ನುತ್ತಿದ್ದರು, ಹಿಂಡಿ ಎರಡೇ ದಿನಕ್ಕೆ ಮುಗಿಯಿತು.

ಒಂದು ಮಧ್ಯಾಹ್ನ ಅತ್ತೆ ಹಳ್ಳದ ದಂಡೆಯಲ್ಲಿ ನೀರಿಗೆ ಕಾಲು ಬಿಟ್ಟು ಕೂತಿದ್ದರು. ಬೆವರಿದ್ದ ಅವರ ಮುಂಗೈಯ ಮೇಲೆ ಆ ಉದ್ದ ಬಾಲದ ಜೀವ ಬಂದು ಕೂತಿತು. ನಾನು ಕ್ಯಾಮರಾ ಎತ್ತಿದೆ. ವರ್ಷಗಟ್ಟಲೆ ಲಾಳಿ ಎಸೆದು ಗಟ್ಟಿಯಾದ ಕೈ, ಉಬ್ಬಿದ ಹಸಿರು ನರಗಳು, ಅದರ ಮೇಲೆ ಗಾಜಿನಂಥ ರೆಕ್ಕೆ. ಅತ್ತೆ ಉಸಿರು ಸಹ ಬಿಗಿಹಿಡಿದಿದ್ದರು. ಒಂದು ಕ್ಷಣವೂ ಸುಮ್ಮನೆ ಕೂರದ ಹೆಂಗಸು ಅದು ತಾನಾಗಿ ಎದ್ದು ಹೋಗುವವರೆಗೂ ಅಲುಗಾಡಲಿಲ್ಲ.

"ಇಷ್ಟ ಹೊತ್ತು ಏನೂ ಮಾಡದ ಕೂತಿದ್ದು ನಾ ಹುಟ್ಟಿದ ಮ್ಯಾಲೆ ಇದ ಮೊದಲ," ಎಂದರು ಆಮೇಲೆ. ದನಿಯಲ್ಲಿ ಬೆರಗಿತ್ತು. ನನ್ನ ಕಣ್ಣು ತುಂಬಿ ಬಂದು ಕೊನೆಯ ಚಿತ್ರಗಳು ಸರಿಯಾಗಿ ಫೋಕಸ್ ಆಗಿಲ್ಲ, ಆದರೂ ಅವನ್ನು ಅಳಿಸಿಲ್ಲ.

ಹೊರಡುವ ದಿನ

ವ್ಯಾನಿಗೆ ಸಾಮಾನು ಏರಿಸುವಾಗ ರಫೀಕ್ ನನ್ನನ್ನು ಹಳ್ಳದ ಕಡೆ ಕರೆದುಕೊಂಡು ಹೋದ. ಆ ಮೊದಲ ಬೆಳಿಗ್ಗೆ ಪುಣೆಯವರಿಗೆ ಫೋನ್ ಮಾಡಬೇಕೆಂದು ನಿರ್ಧರಿಸಿದ್ದನ್ನು ಅವನೇ ಹೇಳಿದ. ಕಾಡಿನ ದಾರಿಯಲ್ಲಿ ಸಿಗ್ನಲ್ ಸಿಕ್ಕಿರಲಿಲ್ಲವಂತೆ. ಆಮೇಲೆ ದಿನಾ ಅತಿಥಿಗಳ ಜೊತೆ ನಾನು ಮಲಗಿ, ತೆವಳಿ, ಅವರ ಕ್ಯಾಮರಾ ಸರಿಪಡಿಸಿ, ಬೆಳಕು ಯಾವ ಕಡೆಯಿಂದ ಬರುತ್ತದೆಂದು ತೋರಿಸಿದ್ದನ್ನು ನೋಡಿದ್ದ. ಮುಂದಿನ ವರ್ಷ ಬರಬೇಕೆಂದು ಪಾಟೀಲರು ಆಗಲೇ ಹೆಸರು ಬರೆಸಿದ್ದರಂತೆ.

"ಇನ್ನ ಮ್ಯಾಲೆ ಈ ಪ್ರವಾಸ ನಿಮ್ಮದ ಅಕ್ಕಾರ," ಎಂದ. "ನಾ ಬರೂದಿಲ್ಲ. ನೀವ ಮಂದಿನ್ನ ಕರ್ಕೊಂಡ ಬರ್ರಿ."

ನಾನು ಓಡಿಯೇ ಮೆಟ್ಟಿಲು ಹತ್ತಿದೆ. ಅತ್ತೆ ಕೋಣೆಯಲ್ಲಿ ಸೀರೆ ಮಡಚುತ್ತಿದ್ದರು. ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಮದುವೆಯ ಕೆಲಸ ಬಿಡಬೇಕೆಂದಿದ್ದೇನೆ ಎಂಬ ಮಾತನ್ನೂ, ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು, ಅದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು. ಸ್ಟುಡಿಯೋ ಹಾಕಿಕೊಟ್ಟದ್ದು ಅತ್ತೆ ನೇಯ್ದು ಕೂಡಿಟ್ಟ ದುಡ್ಡಿನಲ್ಲಿ.

ಅವರು ಸೀರೆಯ ಅಂಚು ಅಂಚಿಗೆ ಕೂಡಿಸಿದರು. ತಲೆಯೆತ್ತಲಿಲ್ಲ.

"ಮದಿವ್ಯಾಗ ನೀ ಸ್ಟೇಜಿನ ಮುಂದ ನಿಂತು ಎಲ್ಲಾರಿಗೂ ನಗ್ರಿ, ನಗ್ರಿ ಅಂತಿದ್ದಿ," ಎಂದರು. "ನಾ ಹಿಂದ ಕುರ್ಚಿ ಮ್ಯಾಲೆ ಕೂತು ನಿನ್ನ ಮಾರಿ ನೋಡ್ತಿದ್ದೆ. ಒಂದ ಮದಿವ್ಯಾಗರ ನೀ ನಕ್ಕಿದ್ದ ನಾ ನೋಡಿಲ್ಲ. ಇಲ್ಲೆ ಬಂದಾಗಿಂದ ನಕ್ಕೋತ ಅದೀ. ಬಿಟ್ಟಬಿಡು. ಮನ್ಯಾಗ ನಾ ಹೇಳ್ತೇನಿ."

ಸೀರೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡೆ, ಇಬ್ಬರೂ ಸೇರಿ ಮಡಚಿದೆವು.